ಹಳೆಯ ಧಣಿಯ ಒಂದು ಮಾತು

ಕುಂಭಾಶಿಯ ತರುಣನೊಬ್ಬ ಮೊನ್ನೆ ನಮ್ಮ ಕಚೇರಿಗೆ ಬಂದಿದ್ದ. ಗೇರುಬೀಜದ ಕಾರ್ಖಾನೆಯೊಂದರಲ್ಲಿ ಆರು ವರ್ಷ ದುಡಿದವನು. ಬೇರೆ ಕಡೆ ಕೆಲಸ ಗೊತ್ತಾಗಿತ್ತು. ಹೊಸ ಮಾಲಿಕರು ಹಳೆಯ ಧಣಿಗೆ ಫೋನು ಮಾಡಿ ವಿಚಾರಿಸಿದರು. "ಅವನಾ? ಸಂಘ-ಗಿಂಘ ಎಂದು ತಿರುಗುವವ" ಎಂಬ ಉತ್ತರ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾರಣ ಅವನಿಗೆ ತಿಳಿದದ್ದು ತಿಂಗಳ ಮೇಲೆ, ಗುಮಾಸ್ತರೊಬ್ಬರ ಬಾಯಿಂದ.

ವಿಚಾರಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಗಲ್ಲಾಪೆಟ್ಟಿಗೆಯ ಕೀಲಿ ಒಪ್ಪಿಸುವ ಅಂಗಡಿಕಾರ ಬಂದವನ ಪೂರ್ವಾಪರ ಕೇಳಬೇಕಾದದ್ದೇ. ಅರ್ಜಿದಾರನೂ ಸುಳ್ಳು ಹೇಳಬಾರದು. ಆದರೆ ಕೇಳುವುದಕ್ಕೊಂದು ಕ್ರಮ ಬೇಡವೇ? ಅವನ ಒಪ್ಪಿಗೆ ಪಡೆದು, ಕಾಗದದ ಮೂಲಕ, ಎಂದು ಸೇರಿದ, ಎಂದು ಬಿಟ್ಟ, ಏನು ಕೆಲಸ ಮಾಡಿದ ಎಂದಷ್ಟೇ ಕೇಳಲಿ. ಸಂಘ ಕಟ್ಟುವುದು ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕು. ಅದು ದೋಷವಾದದ್ದು ಎಂದಿನಿಂದ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿದೆ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. ಹಳೆಯ ಧಣಿ ಸುಳ್ಳು ಅಪವಾದ ಹೊರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಅದು ಮಾನಹಾನಿ. ಸದ್ಭಾವನೆಯಿಂದ ಮಾತಾಡಿದವನಿಗೆ ಅದೇ ಕಲಮು ರಕ್ಷಣೆಯನ್ನೂ ಕೊಟ್ಟಿದೆ.

ಆದರೆ ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಬಡವನಿಗೆಲ್ಲಿ? ಅವನಿಗೆ ಆಸರೆ ಕೈಯಲ್ಲಿರುವ ಕಾಗದ ಮಾತ್ರ. 1946ರ ಸ್ಥಾಯೀ ಆದೇಶಗಳ ಕಾಯಿದೆ 100 ಜನ ದುಡಿಯುವ ಕಾರ್ಖಾನೆಗೂ ಅನ್ವಯಿಸುತ್ತಿತ್ತು. ಕೆಲಸ ಬಿಡುವಾಗ ಕಾಯಂ ಕೆಲಸಗಾರನಿಗೆ ಸೇವಾಪತ್ರ ಕೊಡಬೇಕೆಂಬುದು ಅದರ ಮಾದರಿ ಆದೇಶಗಳಲ್ಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಸಂಖ್ಯೆಯನ್ನು 300ಕ್ಕೆ ಏರಿಸಿದೆ. ಒಂದು ಕೈಯಿಂದ ನೇಮಕಾತಿ ಪತ್ರ ಕಡ್ಡಾಯವೆಂದ ಸರಕಾರ ಇನ್ನೊಂದು ಕೈಯಿಂದ ಸಣ್ಣ ಕಾರ್ಖಾನೆಯವನ ಸೇವಾಪತ್ರವನ್ನು ಕಿತ್ತುಕೊಂಡಿತು. ಸೇವಾಪತ್ರ ಪ್ರತಿಯೊಬ್ಬ ದುಡಿಯುವವನ ಹಕ್ಕಾಗಬೇಕೆಂಬುದು ನಮ್ಮ ಬೇಡಿಕೆ.

ಕಾರ್ಮಿಕ ಬಂಧುಗಳೇ, ಕೆಲಸಕ್ಕೆ ಸೇರುವಾಗಲೇ ನೇಮಕಾತಿ ಪತ್ರ ಕೇಳಿ ಪಡೆಯಿರಿ. ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ಲೆಕ್ಕ ಜೋಪಾನವಾಗಿಡಿ. ವರ್ತಕ ಮಿತ್ರರೇ, 1961ರ ಅಂಗಡಿ ಕಾಯಿದೆಯಂತೆ 30 ದಿನದೊಳಗೆ ನೇಮಕಾತಿ ಪತ್ರ ಕೊಡುವ ಹೊಣೆ ನಿಮ್ಮದೂ ಹೌದು. ನಿಮ್ಮ ಅಂಗಡಿಯ ಹುಡುಗ ಬಿಟ್ಟು ಹೋಗುವ ದಿನ ನಾಲ್ಕು ಸಾಲು ಬರೆದು ರುಜು ಹಾಕಿ ಕೊಡಿ. ನಿಮಗೆ ಹೋಗುವುದು ಒಂದು ಹಾಳೆ. ಅವನಿಗೆ ಸಿಗುವುದು ಮುಂದಿನ ಅನ್ನ.