ಕಾರಣ ಕೇಳುವುದು ಅಗೌರವವಲ್ಲ

2023ರ ಜೂನ್ 1ರಂದು ಚಾಮರಾಜನಗರ ಸಮೀಪದ ಭೋಗಾಪುರದಲ್ಲಿ ವಾಯುಪಡೆಯ ಕಿರಣ್ ತರಬೇತಿ ವಿಮಾನವೊಂದು ಪತನಗೊಂಡಿತು. ಯಳಂದೂರು, ಕೊಳ್ಳೇಗಾಲ, ಹನೂರಿನ ಜನರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಪೈಲಟ್‌ಗಳಿಬ್ಬರೂ ಪ್ಯಾರಾಚೂಟ್ ಮೂಲಕ ಪಾರಾದರು. ತನಿಖೆಗೆ ಆದೇಶವೂ ಆಯಿತು. ಪ್ರಾಣಹಾನಿ ಇಲ್ಲವೆಂಬ ಸಮಾಧಾನದಲ್ಲಿ ಜನರ ಚರ್ಚೆ ಅಲ್ಲಿಗೇ ನಿಂತಿತು.

ಆದರೆ 2009ರ ಮಾರ್ಚ್ 6ರಂದು ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಅಂತಹ ಸಮಾಧಾನಕ್ಕೆ ಅವಕಾಶವಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ನಿರ್ಮಿಸಿದ ಹದಿನಾಲ್ಕು ಆಸನಗಳ ಲಘು ವಿಮಾನ 'ಸರಸ್' ಪರೀಕ್ಷಾ ಹಾರಾಟದಲ್ಲಿತ್ತು. ಒಂದು ಎಂಜಿನನ್ನು ಆಕಾಶದಲ್ಲಿಯೇ ನಿಲ್ಲಿಸಿ ಪುನಃ ಚಾಲೂ ಮಾಡುವುದು ಅಂದಿನ ಪರೀಕ್ಷೆ. ವಿಮಾನ ವೇಗವಾಗಿ ಎತ್ತರ ಕಳೆದುಕೊಂಡು ನೆಲಕ್ಕಪ್ಪಳಿಸಿತು. ವಾಯುಪಡೆಯ ಮೂವರು ಅಧಿಕಾರಿಗಳು ಅಸುನೀಗಿದರು.

ತನಿಖೆ ಕಂಡುಕೊಂಡದ್ದೇನು? ಎಂಜಿನ್ ಪುನಃ ಚಾಲೂ ಮಾಡಲು ವಿನ್ಯಾಸಕಾರರು ರೂಪಿಸಿಕೊಟ್ಟ ಕ್ರಮವೇ ತಪ್ಪಾಗಿತ್ತು. ಅದನ್ನು ರೂಪಿಸುವಾಗ ಪ್ರೊಪೆಲ್ಲರ್ ತಯಾರಕರನ್ನು ವಿಚಾರಿಸಿರಲಿಲ್ಲ. ಮೊದಲ ಯತ್ನ ವಿಫಲವಾದಾಗ ಪರೀಕ್ಷೆಯನ್ನು ಕೈಬಿಡಬೇಕಿತ್ತು, ಬಿಡಲಿಲ್ಲ. ಸಿಬ್ಬಂದಿಯ ನಡುವಿನ ಸಮನ್ವಯದ ಕೊರತೆಯನ್ನೂ ವರದಿ ಮುಚ್ಚಿಡಲಿಲ್ಲ. ಅಂದರೆ ಆ ದುರಂತದ ಬೀಜ ಬಿದ್ದದ್ದು ಆಕಾಶದಲ್ಲಲ್ಲ, ನೆಲದ ಮೇಲಿನ ಕಚೇರಿಯ ಕಾಗದದಲ್ಲಿ.

ಗಮನಿಸಬೇಕಾದ ಸಂಗತಿ ಇದೇ. ಮೃತರನ್ನು ಹುತಾತ್ಮರೆಂದು ಕೊಂಡಾಡಿ ಪ್ರಶ್ನೆಗಳನ್ನು ಹೂತುಬಿಡುವುದು ಸುಲಭ. ಬದುಕಿಲ್ಲದ ಪೈಲಟನ ಮೇಲೆ ಸಂಪೂರ್ಣ ಹೊಣೆ ಹೊರಿಸುವುದು ಇನ್ನೂ ಸುಲಭ, ಆತ ಉತ್ತರಿಸಲಾರ. ಇವೆರಡೂ ಅನ್ಯಾಯವೇ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೇರಿದ ಸೆಸ್ನಾ ವಿಮಾನ ಕ್ಷಣಾರ್ಧದಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ಮೃತಪಟ್ಟರು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ಹಾರಾಟವದು. ನಾಡು ಆ ಕಲಾವಿದೆಯನ್ನು ಇಂದಿಗೂ ನೆನೆಯುತ್ತದೆ, ಕಾರಣವನ್ನು ಮಾತ್ರ ಕೇಳುವುದಿಲ್ಲ.

ಇದು ವಿಮಾನಕ್ಕಷ್ಟೇ ಸೀಮಿತವಾದ ಮಾತೂ ಅಲ್ಲ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೇರುವ ತಿರುವಿನಲ್ಲಿ ನಾಳೆ ಬಸ್ಸೊಂದು ಉರುಳಿದರೆ 'ಚಾಲಕನ ಅಜಾಗರೂಕತೆ' ಎಂಬ ಒಂದೇ ಷರಾ ಸಾಕೇ? ಬ್ರೇಕ್ ಪರೀಕ್ಷಿಸಿದವರಾರು, ತಡೆಗೋಡೆ ಕಟ್ಟದವರಾರು ಎಂದು ಕೇಳಬೇಡವೇ?

ವಿಧಿಯನ್ನು ನಂಬುವವನೂ ಬಾಗಿಲಿಗೆ ಚಿಲಕ ಹಾಕಿಯೇ ಮಲಗುತ್ತಾನೆ. ತನಿಖಾ ವರದಿಗಳು ಮೃತರ ಮನೆಯವರಿಗೆ ಅವರದೇ ಭಾಷೆಯಲ್ಲಿ ತಲುಪಬೇಕು. ಅವುಗಳ ಶಿಫಾರಸುಗಳು ಜಾರಿಯಾದುವೇ ಎಂದು ಜನಪ್ರತಿನಿಧಿಗಳು ಸದನದಲ್ಲಿ ಪ್ರಶ್ನಿಸಬೇಕು. ಸತ್ತವರಿಗೆ ಸಲ್ಲಬೇಕಾದ ಗೌರವವೂ, ಬದುಕಿರುವವರಿಗೆ ದೊರೆಯಬೇಕಾದ ರಕ್ಷಣೆಯೂ ಇದರಲ್ಲಿದೆ.