ಹತ್ತು ಅಶ್ವಶಕ್ತಿಯ ದೋಣಿಗೆ ಆಳಸಮುದ್ರ ನಿಲುಕೀತೆ?

ಉಡುಪಿ: ಕಡಲತೀರದಿಂದ 12 ನಾಟಿಕಲ್ ಮೈಲಿವರೆಗಿನ ನೀರು ರಾಜ್ಯದ ಮೀನುಗಾರಿಕಾ ಕಾಯ್ದೆಯ ವ್ಯಾಪ್ತಿಗೆ ಸೇರಿದ್ದು. ಅದರಾಚೆ 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯ ಕೇಂದ್ರದ ಹಿಡಿತದಲ್ಲಿದೆ. ಈ ವಲಯದ ಮೀನುಗಾರಿಕೆಗೆ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿತು. ಯಾಂತ್ರೀಕೃತ ದೋಣಿಗಳು ಹಾಗೂ ದೊಡ್ಡ ಮೋಟಾರು ದೋಣಿಗಳು ಆನ್‌ಲೈನ್ ಮೂಲಕ ಪ್ರವೇಶ ಪರವಾನಗಿ ಪಡೆಯಬೇಕು. ಸಾಂಪ್ರದಾಯಿಕ ಮೀನುಗಾರರ ಸಣ್ಣ ಮೋಟಾರು ದೋಣಿಗಳಿಗೆ ವಿನಾಯಿತಿಯಿದೆ. ಅಂದರೆ ಗಂಗೊಳ್ಳಿಯ ನಾಡದೋಣಿಯೊಂದು ಯಾರ ಪರವಾನಗಿಯನ್ನೂ ಕೇಳದೆ ಆಳಸಮುದ್ರಕ್ಕೆ ಹೋಗಬಹುದು.

ಹೋಗಬಹುದು ಸರಿ, ಹೋಗಿ ಬರಬಲ್ಲದೇ?

ಎಂಟು–ಹತ್ತು ಮೀಟರ್ ಉದ್ದದ ಫೈಬರ್ ದೋಣಿ, ಹಿಂಬದಿಯಲ್ಲಿ ಸಿಕ್ಕಿಸಿದ ಒಂದು ಔಟ್‌ಬೋರ್ಡ್ ಎಂಜಿನ್, ಮೂರ್ನಾಲ್ಕು ಮಂದಿ. ಕರಾವಳಿಯ ಸಣ್ಣ ಮೀನುಗಾರನ ಮೊದಲ ಬಂಡವಾಳ ಇಷ್ಟೇ. ಎಂಜಿನ್ ಸಾಮಾನ್ಯವಾಗಿ 9.9 ಅಶ್ವಶಕ್ತಿಯದು, ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತದೆ. ಈ ಗಾತ್ರಕ್ಕೂ ಒಂದು ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮಳೆಗಾಲದ ನಿಷೇಧ ಜಾರಿಯಲ್ಲಿರುವಾಗಲೂ ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳು ಕಡಲಿಗಿಳಿಯಬಹುದು. ಸಮುದ್ರ ಅತಿ ಒರಟಾಗಿರುವ ಕಾಲದಲ್ಲಿ ಅತಿ ಸಣ್ಣ ದೋಣಿಗಳಿಗೆ ಮಾತ್ರ ಅವಕಾಶ! ಅವು ತೀರ ಬಿಟ್ಟು ದೂರ ಹೋಗಲಾರವು ಎಂಬ ನಂಬಿಕೆಯೇ ಈ ವಿನಾಯಿತಿಯ ಬೆನ್ನೆಲುಬು.

ಆ ನಂಬಿಕೆ ಈಗ ಅಲುಗಾಡುತ್ತಿದೆ. ದಡದ ಸಮೀಪ ಬಂಗುಡೆ, ಬೂತಾಯಿ ಕೈಕೊಟ್ಟ ವರ್ಷಗಳಲ್ಲಿ ಅಂಜಲ್ ಅರಸಿ ಸಣ್ಣ ದೋಣಿಗಳೂ ಪಶ್ಚಿಮಕ್ಕೆ ಮುಖ ಮಾಡುತ್ತವೆ. ಟ್ರಾಲ್ ಬಲೆಗಳ ಪೈಪೋಟಿ ಇರುವಲ್ಲಿ ಅವು ಬೇರೆಡೆ ಹುಡುಕದೆ ವಿಧಿಯಿಲ್ಲ.

ಲೆಕ್ಕ ಹಾಕಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ಮಂಗಳೂರಿನ ನೇರಕ್ಕೆ 80 ಕಿ.ಮೀ. ದೂರದ ಒಂದು ಜಾಗವನ್ನು ಗುರಿಯಾಗಿ ಇಟ್ಟುಕೊಳ್ಳೋಣ. ಬಲೆ, ಜನ, ಮಂಜುಗಡ್ಡೆ ತುಂಬಿದ ದೋಣಿ ಗಂಟೆಗೆ 12 ಕಿ.ಮೀ. ಓಡಿದರೆ ಹೋಗಲು ಸುಮಾರು ಏಳು ತಾಸು, ಬರಲು ಅಷ್ಟೇ. ಗಂಟೆಗೆ 5 ಲೀಟರ್‌ನಂತೆ ಪ್ರಯಾಣಕ್ಕೇ 70 ಲೀಟರ್ ಇಂಧನ ಬೇಕು. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಇನ್ನೊಂದು ಆಪತ್ತಿಗೆ ಎಂಬುದು ದೋಣಿ ನಡೆಸುವವರ ಹಳೆಯ ಸೂತ್ರ. ಅದರಂತೆ 105 ಲೀಟರ್. ಬಲೆ ಬಿಡುವಾಗ, ಎಳೆಯುವಾಗ ಉರಿಯುವುದು ಇದರಲ್ಲಿ ಸೇರಿಲ್ಲ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ ಬೇಕು. ಇಷ್ಟನ್ನು ಹೇರಿದ ಮೇಲೆ ಆ ದೋಣಿಯಲ್ಲಿ ಮೀನಿಗೆ ಉಳಿಯುವ ಜಾಗ ಕೊಂಚವೇ.

ಮಂಜುಗಡ್ಡೆಯ ಮಾತು ಪೇಟೆಯ ಗ್ರಾಹಕನಿಗೂ ಸಂಬಂಧಿಸಿದ್ದು. ಟ್ಯೂನಾ ಜಾತಿಯ ಮೀನನ್ನು ಹಿಡಿದ ಕೂಡಲೇ ತಣ್ಣಗಿಡದಿದ್ದರೆ ಅದರಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ. ಬೇಯಿಸಿದರೂ ಅದು ನಾಶವಾಗದು. ತೆರೆದ ದೋಣಿಯಲ್ಲಿ ಏಳು ತಾಸು ಬಿಸಿಲು ಕಂಡು ಬಂದ ಟ್ಯೂನಾಕ್ಕೆ ರಫ್ತಿನ ಬೆಲೆ ಸಿಗುವುದು ಕಷ್ಟ. ಪ್ರಾಣ ಒತ್ತೆಯಿಟ್ಟು ತಂದ ಮೀನು ಅಗ್ಗದ ದರಕ್ಕೆ ಹೋಗುತ್ತದೆ.

ಹಾಗಾದರೆ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಸಣ್ಣ ದೋಣಿಗಳೇ ಟ್ಯೂನಾ ಹಿಡಿಯುವುದಿಲ್ಲವೇ ಎಂಬ ಪ್ರಶ್ನೆ ಏಳಬಹುದು. ಹಿಡಿಯುತ್ತವೆ. ಆದರೆ ಅಲ್ಲಿ ಹವಳದ ದಿಬ್ಬ ದಾಟುತ್ತಲೇ ಸಮುದ್ರ ಆಳಕ್ಕೆ ಇಳಿಯುತ್ತದೆ, ಬೆಳಿಗ್ಗೆ ಹೋದವರು ಅದೇ ದಿನ ಮನೆ ಸೇರುತ್ತಾರೆ. ನಮ್ಮ ಕರಾವಳಿಯಲ್ಲಿ ಅಂಥ ಆಳ ಮುಟ್ಟಲು ನೂರು ಕಿ.ಮೀ. ಆಸುಪಾಸು ಸಾಗಬೇಕು. ಅಡ್ಡಿಯಾಗಿರುವುದು ಆಳಕ್ಕಿಂತ ಹೆಚ್ಚಾಗಿ ದೂರ.

ಆ ದೂರದಲ್ಲಿ ಒಂದೇ ಎಂಜಿನ್ ಕೆಟ್ಟು ನಿಂತರೆ? ಬದಲಿ ಎಂಜಿನ್ ಇಲ್ಲ, ಮೊಬೈಲ್ ಸಂಪರ್ಕ ಎಂದೋ ಕಡಿದಿರುತ್ತದೆ. ಹಡಗುಗಳ ದಾರಿಯೂ ಅದೇ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ದೂರದಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ ದೋಣಿಗೂ ಸಿಂಗಪುರದ ಸರಕು ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಇಬ್ಬರನ್ನಷ್ಟೇ ಜೀವಂತವಾಗಿ ರಕ್ಷಿಸಲಾಯಿತು. ಅದು ದೊಡ್ಡ ದೋಣಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋಗಿ ಏಳು ಮಂದಿಯೊಂದಿಗೆ ಕಣ್ಮರೆಯಾದ ‘ಸುವರ್ಣ ತ್ರಿಭುಜ’ವೂ ಆಳಸಮುದ್ರದ ದೋಣಿಯೇ, ಅವಶೇಷ ಮಾಲ್ವಣ್ ಬಳಿ ಪತ್ತೆಯಾದದ್ದು 2019ರ ಮೇನಲ್ಲಿ. ಅಂಥವಕ್ಕೇ ಈ ಗತಿಯಾದರೆ, ಹಡಗಿನ ರೇಡಾರ್‌ನಲ್ಲಿ ಸರಿಯಾಗಿ ಮೂಡದ ಫೈಬರ್ ದೋಣಿಯ ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಚಾಲನೆ ನೀಡಿದ ಯೋಜನೆಯಡಿ ಒಂದು ಲಕ್ಷ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಗುರಿಯಿದೆ. ಮೊಬೈಲ್ ಸಿಗದ ಕಡೆಯಿಂದಲೂ ಸಂದೇಶ ಕಳುಹಿಸಲು ಇದು ನೆರವಾಗುತ್ತದೆ. ಒಳ್ಳೆಯದೇ. ನೆರವು ಕೋರಿದ ದೋಣಿಯ ಬಳಿಗೆ ಕರಾವಳಿ ಕಾವಲು ಪಡೆ ತಲುಪುವವರೆಗೆ ಅದು ತೇಲುತ್ತಿರಬೇಕು ಎಂಬುದು ಬೇರೆ ಮಾತು. ಇನ್ನು ರಾಜ್ಯದ 2023ರ ಬಜೆಟ್, ಸೀಮೆಎಣ್ಣೆ ಎಂಜಿನ್ ಕೈಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಸಿಕೊಳ್ಳಲು 4,000 ದೋಣಿಗಳಿಗೆ ತಲಾ ₹50,000 ಸಹಾಯಧನ ಘೋಷಿಸಿತು. ಇದರಿಂದ ಹೊಗೆ ಕಡಿಮೆಯಾದೀತು, ಇಂಧನವೂ ತುಸು ಉಳಿದೀತು. ದೋಣಿಯ ಗಾತ್ರ ಬದಲಾಗದು.

ಮತ್ತೊಂದು ತುದಿಯಲ್ಲಿ ಮತ್ಸ್ಯಸಂಪದ ಯೋಜನೆಯ ಆಳಸಮುದ್ರ ದೋಣಿ ಇದೆ. ಘಟಕ ವೆಚ್ಚ ₹1.20 ಕೋಟಿ. ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ. ಶೇ 60 ಸಿಕ್ಕರೂ ಉಳಿದ ₹48 ಲಕ್ಷ ಫಲಾನುಭವಿಯ ಹೆಗಲಿಗೆ. ನಾಡದೋಣಿಯವನಿಗೆ ಅಷ್ಟು ಸಾಲ ಕೊಡುವ ಬ್ಯಾಂಕು ಎಲ್ಲಿದೆ? ತಮಿಳುನಾಡಿನಲ್ಲಿ ಪಾಕ್ ಕೊಲ್ಲಿಯ ಟ್ರಾಲರ್‌ಗಳನ್ನು ಆಳಸಮುದ್ರದ ಗಾಳದ ದೋಣಿಗಳಾಗಿ ಬದಲಿಸಲು 2017ರಲ್ಲಿ ₹80 ಲಕ್ಷದ ದೋಣಿಗೆ ಶೇ 70ರಷ್ಟು ಸಹಾಯಧನ ನೀಡಲು ಮುಂದಾದಾಗಲೂ ಮುಂದೆ ಬಂದವರು ನಿರೀಕ್ಷೆಗಿಂತ ಕಡಿಮೆ.

ಹೀಗೆ ₹50,000 ಮತ್ತು ₹1.20 ಕೋಟಿಯ ನಡುವಿನ ಜಾಗ ಖಾಲಿ ಬಿದ್ದಿದೆ. ಹೊಸ ನಿಯಮಗಳು ಪ್ರಸ್ತಾಪಿಸಿರುವ ತಾಯಿ–ಮರಿ ದೋಣಿ ಪದ್ಧತಿ ಅದನ್ನು ತುಂಬಬಹುದು. ದೊಡ್ಡದೊಂದು ದೋಣಿ ಕಡಲ ನಡುವೆ ನಿಂತು ಸಣ್ಣ ದೋಣಿಗಳ ಮೀನನ್ನು ಪಡೆಯುತ್ತದೆ. ಇಂಧನ, ಮಂಜುಗಡ್ಡೆ, ಆಸರೆಯನ್ನೂ ಒದಗಿಸಬಹುದು. ಲಕ್ಷದ್ವೀಪ, ಅಂಡಮಾನ್‌ಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ರೂಪಿಸಿದ್ದಾದರೂ ಮಲ್ಪೆ, ಗಂಗೊಳ್ಳಿ, ಹೊನ್ನಾವರಗಳಿಗೆ ಇದು ಒಗ್ಗದಿರಲು ಕಾರಣ ಕಾಣದು. ಸಹಕಾರ ಸಂಘಗಳಿಗೆ ಆದ್ಯತೆ ಎಂದು ನಿಯಮ ಹೇಳುತ್ತದೆ. ತಾಯಿ ದೋಣಿ ಸಂಘದ್ದಾದರೆ ಲಾಭ ನಾಡದೋಣಿಯವರ ಕೈಸೇರುತ್ತದೆ. ಅದು ದಲ್ಲಾಳಿಯ ಪಾಲಾದರೆ, ದಡದ ಹರಾಜಿನಲ್ಲಿ ನಿಲ್ಲುವ ಬೆಲೆ ನಡುಗಡಲಿನಲ್ಲೇ ನಿಂತುಬಿಡುತ್ತದೆ. ತಿರುಗಿ ಬರಲು ಇಂಧನವಿಲ್ಲದವನು ಚೌಕಾಶಿ ಮಾಡಲಾರ.