ಬ್ಯಾಟರಿ ಬದಲಿಸುವ ಮೊದಲು ಸೋರಿಕೆ ನೋಡಿ

ಬಾಗೂರಿನ ನಮ್ಮ ಮನೆಯ ಮಾರುತಿ 800ಕ್ಕೆ ಇಪ್ಪತ್ತು ವರ್ಷ ದಾಟಿದೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು, ನಮ್ಮ ಹಳ್ಳಿಗಳಲ್ಲಿ ಓಡಾಟ ನಿಂತಿಲ್ಲ. ರಾತ್ರಿ ಬೀದಿಯಲ್ಲಿ ಯಾರಿಗೆ ಎದೆನೋವು ಬಂದರೂ ಚನ್ನರಾಯಪಟ್ಟಣಕ್ಕೆ ಹೊರಡುವುದು ಇಂಥದ್ದೇ ಗಾಡಿ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿಕೊಂಡು ಕೀ ತಿರುಗಿಸಿದರೆ ಬರೀ ಟಕ್ ಟಕ್. ನಾಲ್ಕು ಜನ ಕೆಸರಲ್ಲಿ ತಳ್ಳಿ ಸ್ಟಾರ್ಟ್ ಮಾಡಿದೆವು. ಅಜ್ಜಿ ಉಳಿದುಕೊಂಡರು.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದೆವು! ‘ಹಳೇ ಗಾಡಿ ಸ್ವಾಮಿ, ಬ್ಯಾಟರಿ ಹೋಗಿದೆ’ ಅಂದಿದ್ದರು, ಪರೀಕ್ಷೆ ಮಾಡಿರಲಿಲ್ಲ. ಅಂಗಡಿಯವರನ್ನು ಮಾತ್ರ ದೂರುವುದೂ ತಪ್ಪು, ಕೇಳದೆ ದುಡ್ಡು ಕೊಟ್ಟವರು ನಾವು.

ನಿಂತ ಗಾಡಿಯೂ ಸ್ವಲ್ಪ ಕರೆಂಟು ಎಳೆಯುತ್ತದೆ: ಗಡಿಯಾರ, ಸ್ಟೀರಿಯೋದ ನೆನಪು. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ನಮ್ಮದು 400 ಎಳೆಯುತ್ತಿತ್ತು. ಲೆಕ್ಕ ಹಾಕಿ, ದಿನಕ್ಕೆ 9.6 ಆಂಪಿಯರ್-ಅವರ್. 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನ ನಿಂತರೆ ಹೆಚ್ಚುಕಡಿಮೆ ಬರಿದು.

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಕೀ ತೆಗೆದು, ಲೈಟು ಆರಿಸಿ, ಬಾಗಿಲು ಮುಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಆ ಕೇಬಲ್ಲಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರ್ ಕೊಡಿ. ಆಗ ಸೆಲ್ಫ್ ಹೊಡೆಯಲೇಬೇಡಿ, ಮೀಟರಿನ ಫ್ಯೂಸ್ ಸುಡುತ್ತದೆ. ಹೊಸ ಗಾಡಿಯಾದರೆ ಅರ್ಧ ಗಂಟೆ ಕಾಯಿರಿ, ಅದರ ಕಂಪ್ಯೂಟರ್ ನಿದ್ದೆಗೆ ಹೋಗಬೇಕು. ನಂತರ ಒಂದೊಂದೇ ಫ್ಯೂಸ್ ಕೀಳಿ. ಯಾವುದನ್ನು ಕಿತ್ತಾಗ ಅಂಕಿ ಕುಸಿಯುತ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ. ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟಿನ ತೂತಿಗೆ ವಾಪಸ್ ಹಾಕುವುದು ಮರೆಯಬೇಡಿ. ಹಾಗೇ ವೋಲ್ಟ್ ನೋಡಲು ಹೋದರೆ ಶಾರ್ಟ್ ಆಗುತ್ತದೆ.

ನಮ್ಮ ಗಾಡಿಯಲ್ಲಿ ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಅಲ್ಲಾಡಲಿಲ್ಲ. ಇಂಥ ಕಡೆ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರಬಹುದು, ಇಲ್ಲವೇ ಯಾರೋ ಬ್ಯಾಟರಿಯಿಂದ ನೇರ ವೈರ್ ಎಳೆದಿರಬೇಕು. ನಮ್ಮಲ್ಲಿ ಎರಡನೆಯದು. ಜಾತ್ರೆಗೆ ಮುಂಚೆ ಮನೆಯ ಹುಡುಗರು ಹಾಕಿಸಿದ ಆಂಪ್ಲಿಫೈಯರ್! ಕೀ ತೆಗೆದರೂ ಅದು ಆರುತ್ತಲೇ ಇರಲಿಲ್ಲ.

ವೈರಿಂಗ್ ಮಾಡುವ ಅಣ್ಣಂದಿರೇ, ಹೆಚ್ಚುವರಿ ಸೆಟ್ಟು, ಲೈಟು ಏನೇ ಹಾಕಿದರೂ ಕೀ ತೆಗೆದರೆ ಆರುವಂತೆ ಹಾಕಿ. ಬ್ಯಾಟರಿ ಮಾರುವವರು ಹತ್ತು ನಿಮಿಷ ಮೀಟರ್ ಹಿಡಿದು ನೋಡಲಿ, ಅದಕ್ಕೆ ಬೇರೆ ಕೂಲಿ ಕೇಳಿದರೂ ಕೊಡೋಣ. ನಮ್ಮ ಗಾಡಿಯ ಆ ವೈರ್ ಬದಲಿಸಲು ಅರ್ಧ ಗಂಟೆ ಹಿಡಿಯಿತು. ಈಗ ವಾರ ನಿಂತರೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ.